ಮೈಸೂರಿಗೆ ಬುಲೆಟ್ ರೈಲು: ಹೋರಾಟಕ್ಕೆ ಇಳಿಯುವ ಮೊದಲು ಒಂದಿಷ್ಟು ಮಾತಾಡೋಣ

ಮದ್ದೂರಿನವನು:
2026ರ ಕೇಂದ್ರ ಬಜೆಟ್‌ನಲ್ಲಿ ಏಳು ಹೈಸ್ಪೀಡ್ ರೈಲು ಮಾರ್ಗಗಳ ಹೆಸರು ಹೇಳಿದರು. ಅದರಲ್ಲಿ ಎರಡು ಬೆಂಗಳೂರಿಗೆ ಬರುತ್ತವೆ. ಒಂದು ಚೆನ್ನೈಯಿಂದ, ಇನ್ನೊಂದು ಹೈದರಾಬಾದಿನಿಂದ. ಅದಕ್ಕೂ ಮುಂಚೆ ಇದ್ದ ಯೋಜನೆ ಚೆನ್ನೈ–ಬೆಂಗಳೂರು–ಮೈಸೂರು, ಸುಮಾರು 435 ಕಿ.ಮೀ. ಹೊಸ ಪಟ್ಟಿಯಲ್ಲಿ ಮೈಸೂರಿನ ಹೆಸರಿಲ್ಲ. ಅವತ್ತಿನಿಂದ ನಮ್ಮ ಕಡೆ ಎಲ್ಲಿ ಹೋದರೂ ಒಂದೇ ಮಾತು: ಮೈಸೂರಿಗೆ ಅನ್ಯಾಯ ಆಯಿತು, ಮಂಡ್ಯಕ್ಕೆ ಸ್ಟೇಷನ್ ತಪ್ಪಿತು, ಹೋರಾಟ ಮಾಡಬೇಕು.

ನನಗೆ ಹಾಗನ್ನಿಸುವುದಿಲ್ಲ. ಚೆನ್ನೈ–ಬೆಂಗಳೂರು ಆಗಲಿ, ಅದರಲ್ಲಿ ಅರ್ಥವಿದೆ. ಬೆಂಗಳೂರು–ಮೈಸೂರು ನಡುವೆ ಮಾತ್ರ ನಮಗೆ ಬೇಕಾಗಿರುವುದು ಬುಲೆಟ್ ರೈಲಲ್ಲ, ಇರುವ ಹಳಿಯ ಮೇಲೆ ಇನ್ನಷ್ಟು ಗಾಡಿಗಳು.

ನಾನು ಪಾಸ್ ಇಟ್ಟುಕೊಂಡು ಬೆಂಗಳೂರಿಗೆ ಓಡಾಡುವವನು. ಬೆಳಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ ಮದ್ದೂರಿಗೆ ಬರುವ ಹೊತ್ತಿಗೆ ಬಾಗಿಲಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮೈಸೂರು, ಪಾಂಡವಪುರ, ಮಂಡ್ಯದಲ್ಲೇ ತುಂಬಿರುತ್ತದೆ. ಕಚೇರಿ ಕೆಲಸದವರು, ನರ್ಸಿಂಗ್ ಓದುವ ಹುಡುಗಿಯರು, ಕೋರ್ಟಿಗೆ ಹೋಗುವವರು ಎಲ್ಲರೂ ಅದರಲ್ಲೇ. ಸಂಜೆ ವಾಪಸ್ ಬರುವಾಗ ಹೆಂಗಸರು ಅವರೆಕಾಯಿ ಸುಲಿದುಕೊಂಡೇ ಊರು ಮುಟ್ಟುತ್ತಾರೆ. ಮನೆಗೆ ಹೋದ ಮೇಲೆ ಸುಲಿಯಲು ಅವರಿಗೆ ಹೊತ್ತಿಲ್ಲ.

ಈ ಜನಕ್ಕೆ ಗಂಟೆಗೆ 320 ಕಿ.ಮೀ. ವೇಗ ಬೇಕಾಗಿಲ್ಲ. ಅರ್ಧ ಗಂಟೆಗೊಂದು ಗಾಡಿ, ಕೂರಲು ಜಾಗ, ಕೆಂಗೇರಿಯಲ್ಲಿ ಇಳಿದರೆ ಮುಂದಕ್ಕೆ ಸಲೀಸಾದ ದಾರಿ, ಇಷ್ಟಾದರೆ ಸಾಕು. ಮೈಸೂರು–ಬೆಂಗಳೂರು ಹಳಿ 140 ಕಿ.ಮೀ.ಗೂ ಸ್ವಲ್ಪ ಕಡಿಮೆ. ಜೋಡಿ ಹಳಿ ಆಗಿದೆ, ವಿದ್ಯುತ್ ಇದೆ. ಒಳ್ಳೆಯ ಗಾಡಿ ಈಗಲೇ ಎರಡು ಗಂಟೆ ಆಸುಪಾಸಿನಲ್ಲಿ ತಲುಪಿಸುತ್ತದೆ. ಬುಲೆಟ್ ರೈಲು ಮುಕ್ಕಾಲು ಗಂಟೆಯೊಳಗೆ ಮುಟ್ಟಿಸಬಹುದು. ಉಳಿಯುವ ಆ ಒಂದೂಕಾಲು ಗಂಟೆಗೆ ಎಷ್ಟು ಜಮೀನು, ಎಷ್ಟು ದುಡ್ಡು? ಅದು ಯಾರ ಒಂದೂಕಾಲು ಗಂಟೆ?

ನನ್ನ ಮಾತನ್ನು ಒಪ್ಪದವರು ಬಿಡಿಸಿ ಹೇಳಿ.

ವಿಜಯನಗರ ಎರಡನೇ ಹಂತ, ಮೈಸೂರು:
ಒಪ್ಪುವುದಿಲ್ಲ ಸರ್. ನೀವು ಇವತ್ತಿನ ಪ್ರಯಾಣಿಕರ ಲೆಕ್ಕ ಹಿಡಿದಿದ್ದೀರಿ. ನಾನು ಮೈಸೂರು ಬಿಟ್ಟು ಹೋದವರ ಬಗ್ಗೆ ಹೇಳುತ್ತೇನೆ.

ನಮ್ಮ ಬೀದಿಯಲ್ಲಿ ಮನೆಗೊಬ್ಬರಾದರೂ ಬೆಂಗಳೂರಿನಲ್ಲಿದ್ದಾರೆ. ಅಪ್ಪ ಅಮ್ಮ ಇಲ್ಲಿ, ಮಕ್ಕಳು ಅಲ್ಲಿ ಬಾಡಿಗೆ ಮನೆಯಲ್ಲಿ. ಶುಕ್ರವಾರ ರಾತ್ರಿ ಬರುವುದು, ಸೋಮವಾರ ಬೆಳಗಿನ ಜಾವ ಎದ್ದು ಓಡುವುದು. ಇನ್ಫೋಸಿಸ್ ಇಷ್ಟು ದೊಡ್ಡ ಕ್ಯಾಂಪಸ್ ಕಟ್ಟಿದೆ, ಆದರೆ ಟ್ರೈನಿಂಗ್ ಮುಗಿದ ಕೂಡಲೇ ಹುಡುಗರು ಬೇರೆ ಊರಿಗೆ ಹೊರಡುತ್ತಾರೆ. ದೊಡ್ಡ ಕಂಪನಿಗಳು ಮೈಸೂರಿಗೆ ಬರಲು ಹಿಂದೆಮುಂದೆ ನೋಡುತ್ತವೆ. ಮಂಡಕಳ್ಳಿ ವಿಮಾನ ನಿಲ್ದಾಣ ಇದ್ದೂ ಇಲ್ಲದ ಹಾಗೆ.

ಮುಕ್ಕಾಲು ಗಂಟೆಯಲ್ಲಿ ಬೆಂಗಳೂರು ಅಂದರೆ ಮೈಸೂರಿನಲ್ಲೇ ಮನೆ ಮಾಡಿಕೊಂಡು ಅಲ್ಲಿ ಕೆಲಸ ಮಾಡಬಹುದು. ಬೆಂಗಳೂರಿಗೂ ಅದು ಒಳ್ಳೆಯದೇ, ಅಲ್ವಾ? ವೈಟ್‌ಫೀಲ್ಡಿನಿಂದ ಕೆಂಗೇರಿಗೆ ಹೋಗಲು ಎರಡು ಗಂಟೆ ಹಿಡಿಯುವ ಊರಿಗೆ ಇನ್ನೂ ಜನ ತುಂಬುವುದು ಬೇಡ.

ಹೈದರಾಬಾದ್, ಚೆನ್ನೈ, ಪುಣೆ ಎಲ್ಲಾ ಒಂದು ಜಾಲಕ್ಕೆ ಸೇರುತ್ತಿವೆ. ನಾವು ಆಚೆ ಉಳಿದರೆ ಮತ್ತೆ ಸೇರಿಸಿಕೊಳ್ಳಲು ಎಷ್ಟು ದಶಕ ಬೇಕೋ. ಈಗ ಕೇಳದಿದ್ದರೆ ಯಾವಾಗ ಕೇಳುವುದು?

ಮದ್ದೂರಿನವನು:
ಮೇಡಂ, ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಮುಕ್ಕಾಲು ಗಂಟೆ ಅನ್ನುವುದು ಸ್ಟೇಷನ್ನಿಂದ ಸ್ಟೇಷನ್ನಿಗೆ. ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ನೋಡಿ. 2022ರ ಜೂನ್‌ನಲ್ಲಿ ಶುರುವಾಯಿತು. ಎ.ಸಿ., ಗಾಜು, ಫಳಫಳ ನೆಲ, ವಿಮಾನ ನಿಲ್ದಾಣದ ಥರವೇ ಇದೆ. ರಾತ್ರಿ ಗಾಡಿ ಇಳಿದ ಮೇಲೆ ಅಲ್ಲಿಂದ ಮನೆಗೆ ಹೋಗುವ ಪಾಡು ಗೊತ್ತಿರುವವರಿಗೆ ಗೊತ್ತು. ಮೆಟ್ರೋಗೆ ಲಗೇಜ್ ಎಳೆದುಕೊಂಡು ಹೋಗಬೇಕು, ಇಲ್ಲವೇ ಆಟೋದವರು ಕೇಳಿದಷ್ಟು ಕೊಡಬೇಕು. ಗಾಡಿ ಉಳಿಸಿಕೊಟ್ಟ ಸಮಯವನ್ನು ರಸ್ತೆ ತಿಂದುಹಾಕುತ್ತದೆ.

ಚೆನ್ನೈಯಲ್ಲಿರುವ ಕನ್ನಡಿಗ:
ನಾನು ಅಂಬತ್ತೂರಿನಲ್ಲಿ ಕೆಲಸ ಮಾಡುತ್ತೇನೆ, ಮನೆ ಬೆಂಗಳೂರು ರಾಜಾಜಿನಗರ. ಚೆನ್ನೈ–ಬೆಂಗಳೂರು ಭಾಗಕ್ಕೆ ನನ್ನ ಪೂರ್ತಿ ಬೆಂಬಲ. ಯಾಕೆ ಅಂತ ಹೇಳುತ್ತೇನೆ.

ವಿಮಾನದಲ್ಲಿ ಆಕಾಶದಲ್ಲಿರುವುದು ಒಂದು ಗಂಟೆಯೂ ಇಲ್ಲ. ಆದರೆ ದೇವನಹಳ್ಳಿಯಿಂದ ಮೆಜೆಸ್ಟಿಕ್ ಸುಮಾರು 35 ಕಿ.ಮೀ. ಮೊದಲೇ ಹೋಗಿ ಕಾಯುವುದು, ತಪಾಸಣೆ, ಬ್ಯಾಗ್, ಟ್ಯಾಕ್ಸಿ ಎಲ್ಲಾ ಸೇರಿದರೆ ಮನೆಯಿಂದ ಮನೆಗೆ ನಾಲ್ಕೂವರೆ, ಐದು ಗಂಟೆ. ವಂದೇ ಭಾರತ್ ಕೂಡ ಹೆಚ್ಚುಕಡಿಮೆ ಅಷ್ಟೇ ತೆಗೆದುಕೊಳ್ಳುತ್ತದೆ. ಇದು 2022ರ ನವೆಂಬರ್‌ನಲ್ಲಿ ಶುರುವಾದ ದಕ್ಷಿಣದ ಮೊದಲ ವಂದೇ ಭಾರತ್. ಚೆನ್ನೈಯಿಂದ ಮೈಸೂರಿಗೆ 500 ಕಿ.ಮೀ., ಸುಮಾರು ಆರೂವರೆ ಗಂಟೆ. ಗಾಡಿ 160ರಲ್ಲಿ ಓಡಬಲ್ಲದು, ಸರಾಸರಿ ಬರುವುದು 77. ಹಳಿ ಬಿಡುವುದಿಲ್ಲ. ಜೋಲಾರಪೇಟೆ ಕಡೆಯ ತಿರುವು, ಗೂಡ್ಸ್ ಗಾಡಿ, ಅರಕ್ಕೋಣಂ ದಾಟಿದ ಮೇಲೆ ಲೋಕಲ್‌ಗಳ ಸಾಲು.

ಹೈಸ್ಪೀಡ್ ರೈಲು ವಿಮಾನವನ್ನು ಸೋಲಿಸುವುದು 300ರಿಂದ 500–600 ಕಿ.ಮೀ. ದೂರದಲ್ಲಿ. ಬೆಂಗಳೂರು–ಚೆನ್ನೈ ಸರಿಯಾಗಿ ಅದರೊಳಗೆ ಬರುತ್ತದೆ. ಒಂದೂವರೆ ಗಂಟೆಯೊಳಗೆ ಊರಿನ ನಡುವೆ ಇಳಿಸಿದರೆ ವಿಮಾನ ಹತ್ತುವವರು ಯಾರು? 140 ಕಿ.ಮೀ.ಗೆ ಆ ವೇಗ ಜಾಸ್ತಿ ಆಯಿತು ಅನ್ನುವ ಮದ್ದೂರಿನವರ ಮಾತನ್ನು ಮಾತ್ರ ತಳ್ಳಿಹಾಕಲಾರೆ. ವೇಗ ಹಿಡಿಯಲು, ಇಳಿಸಲು ಒಂದಿಷ್ಟು ದೂರ ಬೇಕಲ್ಲ.

ಕೆಜಿಎಫ್ ಮಾರಿಕುಪ್ಪಂ:
ನಮ್ಮ ಕೋಲಾರ ಜಿಲ್ಲೆಯ ಕಥೆ ಯಾರೂ ಹೇಳುತ್ತಿಲ್ಲ. ಚೆನ್ನೈಯಿಂದ ಬೆಂಗಳೂರಿಗೆ ಯಾವ ಗೆರೆ ಎಳೆದರೂ ನಮ್ಮ ಮೇಲೇ ಬರುತ್ತದೆ.

2001ರ ಫೆಬ್ರವರಿ ಕೊನೆಗೆ ಚಿನ್ನದ ಗಣಿ ಮುಚ್ಚಿತು. ಅಲ್ಲಿಂದ ಈಚೆಗೆ ನಮ್ಮೂರಿಗೆ ಅನ್ನ ಹಾಕುತ್ತಿರುವುದು ಬೆಂಗಳೂರಿನ ರೈಲು. ಬೆಳಗಿನ ಕತ್ತಲಲ್ಲೇ ಮಾರಿಕುಪ್ಪಂ ಸ್ಟೇಷನ್ ತುಂಬಿರುತ್ತದೆ. ಊರ್ಗಾಂ, ಕೋರಮಂಡಲ್, ಬಂಗಾರಪೇಟೆ ಬರುವಷ್ಟರಲ್ಲಿ ಸೀಟಿನ ಮಾತೇ ಇಲ್ಲ, ನೆಲದ ಮೇಲೆ ಪೇಪರ್ ಹಾಸಿ ಕೂರುತ್ತಾರೆ. ಸೆಕ್ಯೂರಿಟಿ ಗಾರ್ಡ್, ಹೌಸ್‌ಕೀಪಿಂಗ್, ಅಂಗಡಿ ಸೇಲ್ಸ್, ಐಟಿ ಹುಡುಗರು ಎಲ್ಲರೂ ಒಂದೇ ಬೋಗಿ. ನಮ್ಮ ಮಾವ ಗಣಿ ಮುಚ್ಚಿದ ಮೇಲೆ ರಿಟೈರ್ ಆಗುವವರೆಗೂ ಅದರಲ್ಲೇ ಓಡಾಡಿದರು. ದಿನಕ್ಕೆ ಐದಾರು ಗಂಟೆ ರೈಲಿನಲ್ಲೇ ಹೋಗುತ್ತಿತ್ತು. ಮಕ್ಕಳು ಎಚ್ಚರವಿರುವಾಗ ಅವರನ್ನು ನೋಡಿದ್ದೇ ಭಾನುವಾರ.

ಈಗಾಗಲೇ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಗೆ ಮಾಲೂರು, ಬಂಗಾರಪೇಟೆ, ಬೇತಮಂಗಲ ಕಡೆ ಜಮೀನು ಹೋಗಿದೆ. ಹೊಸಕೋಟೆಯಿಂದ ಬೇತಮಂಗಲದವರೆಗೆ 71 ಕಿ.ಮೀ. ಕಾರುಗಳು ಓಡುತ್ತಿವೆ. ಒಳ್ಳೆಯ ರಸ್ತೆ, ಸುಳ್ಳು ಹೇಳುವುದಿಲ್ಲ. ಆದರೆ ಮಾರಿಕುಪ್ಪಂ ಗಾಡಿಯಲ್ಲಿ ನಿಂತು ಹೋಗುವವರಿಗೆ ಅದರಿಂದ ಏನು ಬಂತು?

ಹೈಸ್ಪೀಡ್ ರೈಲು ಬಂದರೆ ನಮ್ಮ ಗಾಡಿಗೆ ದಾರಿ ಬಿಡುತ್ತಾರಾ? ದೊಡ್ಡ ಗಾಡಿಗಳು ಹೊಸ ಹಳಿಗೆ ಹೋಗಿ, ಹಳೆಯ ಹಳಿಯಲ್ಲಿ ನಮಗೆ ಇನ್ನೂ ನಾಲ್ಕು ಗಾಡಿ ಕೊಡುವುದಾದರೆ ನಾನು ಮೊದಲು ಕೈ ಎತ್ತುತ್ತೇನೆ. ಅದನ್ನು ಬರೆದುಕೊಡಲಿ. ನನ್ನ ಕೇಳಿಕೆ ಇದೊಂದೇ.

ಸಿವಿಲ್ ಇಂಜಿನಿಯರ್, ಹಾಸನ:
ಕೆಜಿಎಫ್ ಮೇಡಂ ಕೇಳಿದ್ದು ಸರಿಯಾದ ಪ್ರಶ್ನೆ. ಹೈಸ್ಪೀಡ್ ಹಳಿ ಅಂದರೆ ಪೂರ್ತಿ ಬೇರೆ ಹಳಿ. ಈಗ ಕಟ್ಟುತ್ತಿರುವ ಮುಂಬೈ–ಅಹಮದಾಬಾದ್ ಬುಲೆಟ್ ರೈಲು ಮಾರ್ಗದಲ್ಲಿ ಎರಡು ಕಂಬಿಗಳ ನಡುವಿನ ಅಗಲ 1,435 ಮಿ.ಮೀ. ನಮ್ಮ ಮಾಮೂಲಿ ಬ್ರಾಡ್‌ಗೇಜ್ 1,676. ಆ ಗಾಡಿ ಈ ಹಳಿಗೆ ಬರುವುದಿಲ್ಲ, ಈ ಗಾಡಿ ಆ ಹಳಿಗೆ ಹೋಗುವುದಿಲ್ಲ. ಹೊಸ ಹಳಿ ನಿಮ್ಮೂರ ಮೇಲೆ ಹಾದುಹೋದ ಮಾತ್ರಕ್ಕೆ ನಿಮಗೆ ಏನೂ ಸಿಗದು. ಸ್ಟೇಷನ್ ಇದ್ದರೆ ಉಂಟು, ಇಲ್ಲದಿದ್ದರೆ ಸದ್ದು ಮಾತ್ರ.

ಹಾಗಂತ ಎಲ್ಲಾ ಊರಿಗೂ ಸ್ಟೇಷನ್ ಕೊಡಲು ಆಗುವುದಿಲ್ಲ. ಮುಂಬೈ–ಅಹಮದಾಬಾದ್ 508 ಕಿ.ಮೀ.ಗೆ 12 ಸ್ಟೇಷನ್. ಕೆಲವೇ ಕಡೆ ನಿಂತರೆ 2 ಗಂಟೆ 7 ನಿಮಿಷ, ಎಲ್ಲಾ ಕಡೆ ನಿಂತರೆ 2 ಗಂಟೆ 58 ನಿಮಿಷ ಅಂತ ಲೆಕ್ಕ ಕೊಟ್ಟಿದ್ದಾರೆ. ಅಂದರೆ ಒಂದು ಸ್ಟಾಪಿಗೆ ಆರೇಳು ನಿಮಿಷ ಹೋಗುತ್ತದೆ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲಾ ಕಡೆ ನಿಲ್ಲಿಸಿದರೆ ಅದು ಬುಲೆಟ್ ರೈಲಾಗಿ ಉಳಿಯದು. ನಡುವೆ ಮಂಡ್ಯ ಒಂದು ಸಿಗಬಹುದು, ಅಷ್ಟೇ.

ಜಮೀನಿನ ವಿಷಯದಲ್ಲಿ ಮಾತ್ರ ಭಯ ಸ್ವಲ್ಪ ಜಾಸ್ತಿ ಆಗಿದೆ ಅನ್ನಿಸುತ್ತದೆ. ಮುಂಬೈ–ಅಹಮದಾಬಾದ್ ಮಾರ್ಗವನ್ನು ಬಹುಪಾಲು ಕಂಬದ ಮೇಲೆ ಕಟ್ಟುತ್ತಿದ್ದಾರೆ. ಕಂಬದ ಮಾರ್ಗಕ್ಕೆ ಬೇಕಾದ ಅಗಲ 17.5 ಮೀಟರ್. ಬೆಂಗಳೂರು–ಮೈಸೂರು 140 ಕಿ.ಮೀ.ಗೆ ಲೆಕ್ಕ ಹಾಕಿದರೆ 245 ಹೆಕ್ಟೇರ್, ಅಂದಾಜು 600 ಎಕರೆ. ಸ್ಟೇಷನ್, ಡಿಪೋ ಬೇರೆ. ಎಕ್ಸ್‌ಪ್ರೆಸ್‌ವೇಗೆ ಹೋದಷ್ಟು ಇದಕ್ಕೆ ಹೋಗುವುದಿಲ್ಲ. ಕಂಬದ ಕೆಳಗೆ ಟ್ರ್ಯಾಕ್ಟರ್ ಹೋಗಬಹುದು, ದನ ಹೋಗಬಹುದು. ಊರು ಎರಡು ಹೋಳಾಗುವುದಿಲ್ಲ.

ಆದರೆ ಈ ಲೆಕ್ಕ ಕೂಡ ಕಾಗದದ್ದು. ಮೈಸೂರು ಹಳಿ ಜೋಡಿ ಮಾಡುವಾಗ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಮದ್ದಿನ ಮನೆ ಅಡ್ಡ ಬಂತು. ಅದೊಂದು ಸಂರಕ್ಷಿತ ಕಟ್ಟಡ. ಅದರಿಂದಾಗಿ ಆ ತುಂಡು ಕೆಲಸ ವರ್ಷಗಟ್ಟಲೆ ನಿಂತಿತ್ತು. ಕೊನೆಗೆ 2017ರಲ್ಲಿ ಕಟ್ಟಡವನ್ನು ಇಡಿಯಾಗಿ ಜಾಕಿ ಮೇಲೆ ಎತ್ತಿ ಪಕ್ಕಕ್ಕೆ ಸರಿಸಿದರು. ಒಂದೇ ಒಂದು ಕಟ್ಟಡಕ್ಕೆ ಇಷ್ಟು ಹೊತ್ತು ಹಿಡಿಯಿತು.

ಮದ್ದೂರಿನವನು:
ಇಂಜಿನಿಯರ್ ಸರ್, 600 ಎಕರೆ ಕಡಿಮೆ ಅಂತ ಕಾಣಬಹುದು. ನಮ್ಮ ಕಡೆ ಒಬ್ಬೊಬ್ಬರ ಹಿಡುವಳಿ ಅರ್ಧ ಎಕರೆ, ಒಂದು ಎಕರೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನ ಗದ್ದೆ. 17 ಮೀಟರ್ ಅಗಲದ ಪಟ್ಟಿ ಅಡ್ಡ ಹೋದರೆ ಒಂದು ಮೂಲೆಯಲ್ಲಿ ಐದು ಗುಂಟೆ, ಇನ್ನೊಂದು ಮೂಲೆಯಲ್ಲಿ ಎಂಟು ಗುಂಟೆ ಉಳಿಯುತ್ತದೆ. ಆ ತುಂಡಿನಲ್ಲಿ ಏನು ಬೆಳೆಯುವುದು? ಅದನ್ನು ಕೊಳ್ಳುವವರೂ ಇಲ್ಲ. ಇನ್ನು ನೀರು. ತೂಬಿನಿಂದ ಬರುವ ಕಾಲುವೆ ಒಬ್ಬರ ಗದ್ದೆಯಿಂದ ಇನ್ನೊಬ್ಬರ ಗದ್ದೆಗೆ ಹರಿದು ಹೋಗುತ್ತದೆ. ನಡುವೆ ಕಂಬಕ್ಕೆ ಗುಂಡಿ ತೋಡಿ, ಲಾರಿ ಓಡಾಡಲು ಮಣ್ಣು ಹಾಕಿ ಗಟ್ಟಿ ಮಾಡಿದರೆ ಕೆಳಗಿನವರ ಭತ್ತ ಎರಡು ಬೆಳೆ ಹೋಯಿತು ಅಂತಲೇ ಅರ್ಥ. ಅವರ ಜಮೀನು ಒಂದು ಗುಂಟೆಯೂ ಹೋಗಿರುವುದಿಲ್ಲ, ಹಾಗಾಗಿ ಪಟ್ಟಿಯಲ್ಲಿ ಅವರ ಹೆಸರೇ ಇರುವುದಿಲ್ಲ.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮಾಡಿದಾಗಲೂ ಊರೂರು ಉದ್ಧಾರ ಅಂದಿದ್ದರು. 2023ರ ಮಾರ್ಚ್‌ನಲ್ಲಿ ಮಂಡ್ಯದಲ್ಲೇ ಉದ್ಘಾಟನೆ ಆಯಿತು. ಬೈಪಾಸ್ ಆದ ಮೇಲೆ ಮದ್ದೂರು ವಡೆ ಹೋಟೆಲುಗಳು, ಚನ್ನಪಟ್ಟಣದ ಬೊಂಬೆ ಅಂಗಡಿಗಳು ಹೇಗೆ ನೊಣ ಹೊಡೆಯುತ್ತಿದ್ದವು ಅಂತ ಕಣ್ಣಾರೆ ನೋಡಿದ್ದೇನೆ. ಅದೇ ವರ್ಷ ಆಗಸ್ಟ್ 1ರಿಂದ ಬೈಕ್, ಆಟೋ, ಟ್ರ್ಯಾಕ್ಟರ್‌ಗೆ ದೊಡ್ಡ ರಸ್ತೆಯಲ್ಲಿ ಪ್ರವೇಶವಿಲ್ಲ. ಜಮೀನು ಕೊಟ್ಟವನ ಬೈಕೇ ಅಲ್ಲಿ ಹೋಗುವಂತಿಲ್ಲ.

ಕಾಸರಗೋಡು:
ಜಮೀನು ಹೋಗುವುದು ಒಂದು ಕಷ್ಟ. ಹೋಗುತ್ತದೋ ಇಲ್ಲವೋ ಅಂತ ವರ್ಷಗಟ್ಟಲೆ ಕಾಯುವುದು ಅದಕ್ಕಿಂತ ದೊಡ್ಡ ಕಷ್ಟ. ಕೇರಳದ ಸಿಲ್ವರ್‌ಲೈನ್ ಅನ್ನುವ ವೇಗದ ರೈಲು ಯೋಜನೆ ನಮಗೆ ಅದನ್ನು ತೋರಿಸಿತು.

ತಿರುವನಂತಪುರದಿಂದ ನಮ್ಮ ಕಾಸರಗೋಡಿನವರೆಗೆ ಸುಮಾರು 530 ಕಿ.ಮೀ., ಗಂಟೆಗೆ 200 ವೇಗ, ಅಂದಾಜು 64 ಸಾವಿರ ಕೋಟಿ. ಸರ್ವೆಯವರು ಹಳದಿ ಕಲ್ಲು ನೆಡುತ್ತಾ ಬಂದರು. ಸಾಮಾಜಿಕ ಪರಿಣಾಮದ ಅಧ್ಯಯನಕ್ಕೆ ಮಾತ್ರ, ಜಮೀನು ತೆಗೆದುಕೊಳ್ಳಲು ಅಲ್ಲ ಅಂದರು. ಅಂಗಳದಲ್ಲಿ ಕಲ್ಲು ಕಂಡ ಮನೆಯವರಿಗೆ ಆ ವ್ಯತ್ಯಾಸ ಏನು ಗೊತ್ತಾಗಬೇಕು? 2022ರ ಮಾರ್ಚ್‌ನಲ್ಲಿ ಚಂಗನಾಶ್ಶೇರಿ ಹತ್ತಿರ ಮಾಡಪ್ಪಳ್ಳಿಯಲ್ಲಿ ಹೆಂಗಸರನ್ನು ಪೊಲೀಸರು ಎಳೆದುಕೊಂಡು ಹೋದ ದೃಶ್ಯ ಎಲ್ಲರೂ ಟಿವಿಯಲ್ಲಿ ನೋಡಿದರು. ಜನ ಕಲ್ಲು ಕಿತ್ತು ಎಸೆದರು. ಮೆಟ್ರೋ ಮ್ಯಾನ್ ಅಂತ ಹೆಸರಾದ ಇ. ಶ್ರೀಧರನ್ ಅಂಥವರೇ ಯೋಜನೆ ಸರಿಯಿಲ್ಲ ಅಂದರು. ಆ ವರ್ಷ ನವೆಂಬರ್‌ನಲ್ಲಿ ಭೂಸ್ವಾಧೀನದ ಸಿಬ್ಬಂದಿಯನ್ನು ಸರ್ಕಾರ ವಾಪಸ್ ಕರೆಸಿಕೊಂಡಿತು.

ಕಲ್ಲು ಬಿದ್ದ ಜಾಗಕ್ಕೆ ಬ್ಯಾಂಕಿನವರು ಸಾಲ ಕೊಡಲು ಹಿಂಜರಿದರು. ಮಗಳ ಮದುವೆಗೆ ಜಾಗ ಮಾರೋಣ ಅಂದರೆ ಕೊಳ್ಳುವವರು ಬರಲಿಲ್ಲ. ಪರಿಹಾರವೂ ಇಲ್ಲ, ಜಾಗವೂ ಕೈಯಲ್ಲಿಲ್ಲದ ಹಾಗೆ. ಮೈಸೂರಿನವರು ಹೋರಾಟ ಮಾಡಿ ಹೆಸರು ಸೇರಿಸಿಕೊಂಡರೆ ಮೊದಲು ಬರುವುದು ರೈಲಲ್ಲ, ನಕ್ಷೆಯ ಮೇಲೊಂದು ಗೆರೆ. ಆ ಗೆರೆಯ ಕೆಳಗಿರುವವರು ಎಷ್ಟು ವರ್ಷ ಹಾಗೇ ಇರಬೇಕು ಅನ್ನುವುದಕ್ಕೆ ಮೊದಲೇ ಗಡುವು ಕೇಳಿ.

ಕಲಬುರಗಿಯಿಂದ:
ಓದಿದೆ ಎಲ್ಲಾ. ಒಂದು ಮಾತು ಹೇಳಲೇಬೇಕು. ಬೆಂಗಳೂರು–ಮೈಸೂರು ನಡುವೆ ಜೋಡಿ ಹಳಿ ಇದೆ, ವಿದ್ಯುತ್ ಇದೆ, ದೊಡ್ಡ ಹೈವೇ ಇದೆ, ದಿನಕ್ಕೆ ಸಾಕಷ್ಟು ಗಾಡಿಗಳಿವೆ. ಅಲ್ಲಿಗೇ ಮತ್ತೆ ಬುಲೆಟ್ ರೈಲು ಬೇಕಾ ಬೇಡವಾ ಅಂತ ಚರ್ಚೆ. ಬೀದರ್–ಕಲಬುರಗಿ ನೂರಹತ್ತು ಕಿ.ಮೀ. ಹಳಿಗೆ ನಾವು ಎರಡು ದಶಕ ಕಾದೆವು, 2017ರ ಅಕ್ಟೋಬರ್‌ನಲ್ಲಿ ರೈಲು ಓಡಿತು. ಹುಬ್ಬಳ್ಳಿ–ಅಂಕೋಲಾ ಕಳೆದ ಶತಮಾನದ ಮಾತು, ಇನ್ನೂ ಕಾಡಿನ ಅನುಮತಿಯಲ್ಲೇ ಇದೆ. ಬಾಗಲಕೋಟೆ–ಕುಡಚಿ, ಗದಗ–ವಾಡಿ ತುಂಡು ತುಂಡಾಗಿ ಆಗುತ್ತಿವೆ.

ನಮ್ಮ ರಾಜ್ಯದಲ್ಲಿ ಇಂಥ ಎಷ್ಟೋ ಹೊಸ ಹಳಿಗೆ ಅರ್ಧ ದುಡ್ಡು, ಅದರ ಮೇಲೆ ಜಮೀನು ಎಲ್ಲಾ ರಾಜ್ಯ ಸರ್ಕಾರದ್ದೇ. ಹೈಸ್ಪೀಡ್‌ಗೂ ಪಾಲು ಕೊಡಿ ಅಂದರೆ ಯಾವ ಗಂಟಿನಿಂದ ತೆಗೆಯುತ್ತಾರೆ? ನಮ್ಮ ಗಂಟಿನಿಂದಲೇ.

ದೀಪಾವಳಿಗೆ ಬೆಂಗಳೂರಿನಿಂದ ಕಲಬುರಗಿಗೆ ಟಿಕೆಟ್ ಹುಡುಕಿ ನೋಡಿ. ವೇಟಿಂಗ್ ಲಿಸ್ಟ್ ನೂರು ದಾಟಿರುತ್ತದೆ. ತತ್ಕಾಲ್ ಕಣ್ಣು ಮಿಟುಕಿಸುವುದರಲ್ಲಿ ಖಾಲಿ. ಖಾಸಗಿ ಬಸ್ಸಿನವರು ಎರಡು ಪಟ್ಟು, ಮೂರು ಪಟ್ಟು ಕೇಳುತ್ತಾರೆ. ಕಟ್ಟಡ ಕೆಲಸಕ್ಕೆ ಬಂದ ನಮ್ಮ ಹುಡುಗರು ಜನರಲ್ ಬೋಗಿಯ ಶೌಚಾಲಯದ ಬಾಗಿಲಲ್ಲಿ ಕೂತು ಊರಿಗೆ ಬರುತ್ತಾರೆ. ಹೈದರಾಬಾದ್–ಬೆಂಗಳೂರು ಬುಲೆಟ್ ರೈಲು ಅವರಿಗಾಗಿ ಅಲ್ಲ.

ವಿಜಯನಗರ ಎರಡನೇ ಹಂತ, ಮೈಸೂರು:
ಕಲಬುರಗಿಯವರೇ, ನಿಮ್ಮ ಮಾತು ನೂರಕ್ಕೆ ನೂರು ನಿಜ. ಆದರೆ ಮೈಸೂರಿಗೆ ಕೊಡದಿದ್ದರೆ ಆ ದುಡ್ಡು ಕಲಬುರಗಿಗೆ ಬರುತ್ತದೆ ಅಂತ ನನಗೆ ನಂಬಿಕೆಯಿಲ್ಲ. ಬೇರೆ ರಾಜ್ಯಕ್ಕೆ ಹೋಗುತ್ತದೆ, ಅಷ್ಟೇ.

ಸಿವಿಲ್ ಇಂಜಿನಿಯರ್, ಹಾಸನ:
ದುಡ್ಡಿನ ಮಾತು ಬಂದಿದ್ದಕ್ಕೆ ಒಂದು ಅಂದಾಜು. ಮುಂಬೈ–ಅಹಮದಾಬಾದಿಗೆ ಮೊದಲು ಹೇಳಿದ್ದು 1.08 ಲಕ್ಷ ಕೋಟಿ. ಕಿಲೋಮೀಟರಿಗೆ 213 ಕೋಟಿ. ಅದರಲ್ಲಿ ನೂರಕ್ಕೆ 81 ಭಾಗ ಜಪಾನ್ ಸಾಲ, ಬಡ್ಡಿ ಶೇ. 0.1, ತೀರಿಸಲು 50 ವರ್ಷ. ಅಂಥ ಸಾಲ ಪ್ರತಿ ಮಾರ್ಗಕ್ಕೂ ಸಿಗುತ್ತದೆ ಅಂದುಕೊಳ್ಳುವಂತಿಲ್ಲ. 2017ರ ಸೆಪ್ಟೆಂಬರ್‌ನಲ್ಲಿ ಅಡಿಗಲ್ಲು ಬಿತ್ತು. ಈಗ ಖರ್ಚು ಎರಡು ಲಕ್ಷ ಕೋಟಿ ಹತ್ತಿರ ಬಂದಿದೆ. ಹಳೆಯ ದರದಲ್ಲೇ ಲೆಕ್ಕ ಹಾಕಿದರೂ ಬೆಂಗಳೂರು–ಮೈಸೂರು ತುಂಡಿಗೆ ಸುಮಾರು 30 ಸಾವಿರ ಕೋಟಿ ಬೇಕು.

ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ಬೆಂಗಳೂರು ಉಪನಗರ ರೈಲು, ನಾಲ್ಕು ಮಾರ್ಗ, 148 ಕಿ.ಮೀ., 15,767 ಕೋಟಿ. 2020ರಲ್ಲಿ ಒಪ್ಪಿಗೆ, 2022ರ ಜೂನ್‌ನಲ್ಲಿ ಅಡಿಗಲ್ಲು, 40 ತಿಂಗಳಲ್ಲಿ ಮುಗಿಸುತ್ತೇವೆ ಅಂದರು. ಆ ಗಡುವು ದಾಟಿಹೋಯಿತು, ಒಂದು ಗಾಡಿಯೂ ಓಡಿಲ್ಲ. ಅದರಲ್ಲಿ ಪಾರಿಜಾತ ಅನ್ನುವ ಮಾರ್ಗ ಕೆಂಗೇರಿಯಿಂದ ವೈಟ್‌ಫೀಲ್ಡಿಗೆ. ಮೈಸೂರು, ಮಂಡ್ಯದಿಂದ ಬರುವವರಿಗೂ, ಬಂಗಾರಪೇಟೆಯಿಂದ ಬರುವವರಿಗೂ ಮೊದಲು ಬೇಕಾಗಿರುವುದು ಅದು. ಹೋರಾಟ ಮಾಡುವುದಾದರೆ ಅದಕ್ಕೆ ಮಾಡಿ.

ನಗೋಯಾ ಕನ್ನಡತಿ:
ನಾನಿರುವುದು ಜಪಾನಿನ ನಗೋಯಾದಲ್ಲಿ. ಊರು ತಿಪಟೂರು. ಇಲ್ಲಿಯ ಮೂರು ಸಂಗತಿ ನಿಮಗೆ ಉಪಯೋಗಕ್ಕೆ ಬರಬಹುದು.

ಮೈಸೂರು ಮೇಡಂ ಹೇಳಿದ ಹಾಗೆ ಶಿಂಕಾನ್ಸೆನ್‌ನಲ್ಲಿ, ಅಂದರೆ ಇಲ್ಲಿಯ ಬುಲೆಟ್ ರೈಲಿನಲ್ಲಿ, ದಿನಾ ಕೆಲಸಕ್ಕೆ ಹೋಗುವವರು ಇಲ್ಲಿದ್ದಾರೆ. ಅದಕ್ಕೇ ತಿಂಗಳ ಪಾಸ್ ಇದೆ. ಆದರೆ ಆ ಪಾಸ್ ದುಬಾರಿ. ನಡೆಯುತ್ತಿರುವುದು ಹೇಗೆಂದರೆ, ಇಲ್ಲಿ ಓಡಾಟದ ಖರ್ಚನ್ನು ಕಂಪನಿಯೇ ಕೊಡುವ ವಾಡಿಕೆಯಿದೆ, ತಿಂಗಳಿಗೆ ಒಂದೂವರೆ ಲಕ್ಷ ಯೆನ್‌ವರೆಗೆ ಅದಕ್ಕೆ ತೆರಿಗೆಯೂ ಇಲ್ಲ. ನಮ್ಮಲ್ಲಿ ಯಾವ ಕಂಪನಿ ಕೊಡುತ್ತದೆ? ಕಿಸೆಯಿಂದ ಕೊಟ್ಟು ದಿನಾ ಹೋಗಿಬರುವುದಾದರೆ ಬೆಂಗಳೂರಿನಲ್ಲಿ ಬಾಡಿಗೆ ಕಟ್ಟುವುದೇ ಅಗ್ಗ ಆಗಬಹುದು.

ಎರಡನೆಯದು ಕೆಜಿಎಫ್ ಅವರಿಗೆ. ಟೋಕಿಯೋ–ಒಸಾಕಾ ಮಾರ್ಗ 1964ರಲ್ಲಿ ಶುರುವಾಗಿದ್ದೇ ಹಳೆಯ ಹಳಿ ತುಂಬಿ ತುಳುಕುತ್ತಿದ್ದ ಕಾರಣಕ್ಕೆ. ಹೊಸದು ಬಂದ ಮೇಲೆ ಹಳೆಯದರಲ್ಲಿ ಲೋಕಲ್‌ಗೂ ಗೂಡ್ಸ್‌ಗೂ ಜಾಗ ಸಿಕ್ಕಿತು. ನೀವು ಕೇಳುತ್ತಿರುವುದು ಅದನ್ನೇ. ಆದರೆ ಆಮೇಲೆ ಕಟ್ಟಿದ ಮಾರ್ಗಗಳ ಕಥೆ ಬೇರೆ. 1997ರಲ್ಲಿ ನಗಾನೊಗೆ ಶಿಂಕಾನ್ಸೆನ್ ಬಂತು. ಪಕ್ಕದ ಹಳೆಯ ಹಳಿಯಿಂದ ರೈಲ್ವೆ ಕಂಪನಿ ಕೈ ತೊಳೆದುಕೊಂಡಿತು. ಒಂದು ಘಾಟಿ ತುಂಡು ಮುಚ್ಚಿಯೇ ಹೋಯಿತು. ಉಳಿದದ್ದನ್ನು ಅಲ್ಲಿನ ಸ್ಥಳೀಯ ಆಡಳಿತ ಸೇರಿ ಬೇರೆ ಕಂಪನಿ ಮಾಡಿ ನಡೆಸಬೇಕಾಯಿತು. ಅಲ್ಲಿಂದ ಈಚೆಗೆ ಎಷ್ಟೋ ಕಡೆ ಇದೇ ಪದ್ಧತಿ. ಹಾಗಾಗಿ ಬರೆದುಕೊಡಲಿ ಅಂತ ನೀವು ಕೇಳಿದ್ದು ಬಹಳ ಸರಿ. ಬಾಯಿ ಮಾತಿಗೆ ಬಿಡಬೇಡಿ.

ಮೂರನೆಯದು ನಾಲೆ ನೀರಿನ ಮಾತಿಗೆ. ಟೋಕಿಯೋದಿಂದ ನಗೋಯಾಕ್ಕೆ ಅಯಸ್ಕಾಂತದ ಮೇಲೆ ತೇಲಿ ಓಡುವ ಹೊಸ ರೈಲು ಕಟ್ಟುತ್ತಿದ್ದಾರೆ, 286 ಕಿ.ಮೀ. ನಡುವೆ ಶಿಝುವೊಕಾ ಪ್ರಾಂತ್ಯದ ಬೆಟ್ಟದೊಳಗೆ ಹತ್ತು ಕಿ.ಮೀ. ಆಸುಪಾಸಿನ ಸುರಂಗ. ಆ ಪ್ರಾಂತ್ಯಕ್ಕೆ ಒಂದು ಸ್ಟೇಷನ್ನೂ ಇಲ್ಲ. ಸುರಂಗ ಕೊರೆದರೆ ಓಯಿ ನದಿಯ ನೀರು ಸೋರಿಹೋಗುತ್ತದೆ, ಕೆಳಗಿನ ಊರುಗಳಿಗೆ, ಚಹಾ ತೋಟಗಳಿಗೆ ಏನು ಗತಿ ಅಂತ ಅಲ್ಲಿನ ಗವರ್ನರ್ ವರ್ಷಾನುಗಟ್ಟಲೆ ಒಪ್ಪಿಗೆ ಕೊಡಲಿಲ್ಲ. 2027ಕ್ಕೆ ಓಡಬೇಕಿದ್ದ ರೈಲು, ಆ ವರ್ಷಕ್ಕೆ ಆಗುವುದಿಲ್ಲ ಅಂತ 2024ರಲ್ಲಿ ಕಂಪನಿಯೇ ಹೇಳಿತು. ಇಲ್ಲಿ ಟಿವಿಯಲ್ಲಿ ಆ ಗವರ್ನರ್‌ಗೆ ಬೈದವರೂ ಇದ್ದರು, ಹೊಗಳಿದವರೂ ಇದ್ದರು. ಆದರೆ ಬಂದ ನೀರನ್ನು ಹೇಗೆ ವಾಪಸ್ ನದಿಗೆ ಬಿಡುತ್ತೀರಿ ಅನ್ನುವ ಲೆಕ್ಕವನ್ನು ಕಂಪನಿ ಕಾಗದದ ಮೇಲೆ ಇಡಬೇಕಾಗಿ ಬಂತು. ತೂಬು, ಕಾಲುವೆ ಇವೆಲ್ಲ ಸಣ್ಣ ವಿಷಯ ಅಂತ ಯಾರಾದರೂ ಅಂದರೆ ಇದನ್ನು ಹೇಳಿ.

ಚೆನ್ನೈಯಲ್ಲಿರುವ ಕನ್ನಡಿಗ:
ಒಳ್ಳೆಯ ಮಾಹಿತಿ ಮೇಡಂ. ಕೆಜಿಎಫ್ ಅವರ ಷರತ್ತನ್ನು ನಾನೂ ಒಪ್ಪುತ್ತೇನೆ. ನನ್ನಂಥವರು ಹೊಸ ಹಳಿಗೆ ಹೋದ ಮೇಲೆ ಖಾಲಿಯಾಗುವ ಹಳೆಯ ಹಳಿ ಮಾರಿಕುಪ್ಪಂನವರಿಗೇ ಸಿಗಬೇಕು.

ವಿಜಯನಗರ ಎರಡನೇ ಹಂತ, ಮೈಸೂರು:
ಪಾಸಿನ ವಿಷಯ ನನಗೆ ಹೊಸದು. ಅದಕ್ಕೆ ಉತ್ತರ ಹುಡುಕಬೇಕು. ಆದರೂ ಮೈಸೂರನ್ನು ಪಟ್ಟಿಯಿಂದ ಬಿಟ್ಟಿದ್ದು ತಪ್ಪು ಅನ್ನುವುದರಲ್ಲಿ ನನಗೆ ಸಂಶಯವಿಲ್ಲ. ಈಗಲೇ ಕಟ್ಟದಿದ್ದರೂ, ಬೆಂಗಳೂರಿನ ಸ್ಟೇಷನ್ನನ್ನು ಮುಂದೆ ಮೈಸೂರಿನ ಕಡೆಗೆ ಹಳಿ ಎಳೆಯಲು ಆಗುವ ಹಾಗೆ ಕಟ್ಟಲಿ. ಅಲ್ಲಿಗೇ ಗೋಡೆ ಹಾಕಿ ಮುಗಿಸಬಾರದು.

ಮದ್ದೂರಿನವನು:
ಇದು ನ್ಯಾಯವಾದ ಮಾತು ಮೇಡಂ. ಇದಕ್ಕೆ ನಾನೂ ಸಹಿ ಹಾಕುತ್ತೇನೆ.

ಮಾಲೂರು ಹುಡುಗ:
ಎಲ್ಲರಿಗೂ ನಮಸ್ಕಾರ. ಚೆನ್ನೈ ಮಾರ್ಗದ ಸರ್ವೆ ನಮ್ಮ ಕಡೆ ಬಂದೇ ಬರುತ್ತದೆ. ಎರಡು ಎಕರೆ ಇದೆ, ಟೊಮೆಟೊ ಹಾಕುತ್ತೇವೆ. ಪಹಣಿ ಇನ್ನೂ ತಾತನ ಹೆಸರಲ್ಲೇ ಇದೆ, ತಾತ ಹೋಗಿ ಬಹಳ ವರ್ಷ ಆಯಿತು. ಬೇಕು ಬೇಡ ಅನ್ನುವುದು ದೊಡ್ಡವರ ಮಾತು. ನಾವು ಈಗ ಏನು ಮಾಡಿಕೊಳ್ಳಬೇಕು?

ನಿವೃತ್ತ ಶಿರಸ್ತೇದಾರ್:
ಮಗು, ಮೊದಲು ಪೌತಿ ಖಾತೆ ಮಾಡಿಸು, ಅಂದರೆ ತೀರಿಕೊಂಡ ತಾತನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸು. ನಾಳೆ ಅನ್ನಬೇಡ. ತಾತನ ಮರಣ ಪತ್ರ, ವಂಶವೃಕ್ಷ, ಪಹಣಿ ಹಿಡಿದುಕೊಂಡು ನಾಡಕಚೇರಿಗೆ ಹೋಗು, ಇಲ್ಲವೇ ನಿಮ್ಮ ಗ್ರಾಮ ಆಡಳಿತ ಅಧಿಕಾರಿಯನ್ನು ಕೇಳು. ಈಗ ಇ-ಪೌತಿ ಅಂತಲೂ ಶುರು ಮಾಡಿದ್ದಾರೆ. ವಂಶವೃಕ್ಷದಲ್ಲಿ ಅತ್ತೆಯಂದಿರ ಹೆಸರು ಬಿಡಬೇಡಿ. ಹೆಣ್ಣುಮಕ್ಕಳನ್ನು ಬಿಟ್ಟು ಬರೆಸಿದ ಕಡೆಯೆಲ್ಲಾ ಆಮೇಲೆ ತಕರಾರು ಬಂದು ಪರಿಹಾರದ ಹಣ ಕೋರ್ಟಿನಲ್ಲಿ ಕೂತುಬಿಡುತ್ತದೆ. ಸತ್ತವರ ಹೆಸರಿಗೆ ನೋಟಿಸ್ ಬಂದು, ಅದು ಯಾರ ಕೈಗೂ ಸೇರದೆ, ಆಕ್ಷೇಪಣೆಯ ದಿನ ಮುಗಿದುಹೋದ ಸಂಸಾರಗಳನ್ನು ನಾನು ನೋಡಿದ್ದೇನೆ.

ಎರಡನೆಯದು, ಯಾವ ಕಾಯ್ದೆಯಡಿ ನೋಟಿಸ್ ಬಂದಿದೆ ಅಂತ ಮೊದಲ ಸಾಲಲ್ಲೇ ನೋಡಿ. 2013ರ ಭೂಸ್ವಾಧೀನ ಕಾಯ್ದೆಯಾದರೆ ಆಕ್ಷೇಪಣೆಗೆ 60 ದಿನ. ರೈಲ್ವೆ ಕಾಯ್ದೆಯಾದರೆ 30 ದಿನ ಮಾತ್ರ.

ಮೂರನೆಯದು ಬೆಲೆ. ಕಾಯ್ದೆಯಲ್ಲಿ ಹಳ್ಳಿ ಜಮೀನಿಗೆ ಮಾರುಕಟ್ಟೆ ಬೆಲೆಯ ನಾಲ್ಕು ಪಟ್ಟಿನವರೆಗೆ ಅಂತ ಇದೆ. ಆ ಮಾರುಕಟ್ಟೆ ಬೆಲೆಯನ್ನು ಹಿಂದಿನ ಮೂರು ವರ್ಷದ ಕ್ರಯಪತ್ರ ನೋಡಿ ತೆಗೆಯುತ್ತಾರೆ. ಸ್ಟಾಂಪ್ ಶುಲ್ಕ ಉಳಿಸಲು ಊರಲ್ಲಿ ಎಲ್ಲರೂ ಕಡಿಮೆ ತೋರಿಸಿ ನೋಂದಣಿ ಮಾಡಿಸಿದ್ದರೆ ನಿಮ್ಮ ಪರಿಹಾರವೂ ಅದರ ಮೇಲೇ ನಿಲ್ಲುತ್ತದೆ. ಇದನ್ನು ಊರವರೆಲ್ಲ ಕೂತು ಮಾತಾಡಿಕೊಳ್ಳಿ.

ಬೋರ್‌ವೆಲ್, ಹನಿ ನೀರಾವರಿ ಪೈಪು, ಮರ, ಶೆಡ್ಡು ಎಲ್ಲಕ್ಕೂ ಬೇರೆ ಬೇರೆ ಬೆಲೆ ಕಟ್ಟುತ್ತಾರೆ. ಪಹಣಿಯಲ್ಲಿ ಬೆಳೆ ಕಾಲಂ ಸರಿಯಾಗಿದೆಯಾ ನೋಡು. ಟೊಮೆಟೊ ಹಾಕಿದ ಕಡೆ ರಾಗಿ ಅಂತ ಬರೆದಿದ್ದರೆ ಈಗಲೇ ತಿದ್ದಿಸು.

ಮಾಲೂರು ಹುಡುಗ:
ನೋಡಿದೆ ಸರ್. ರಾಗಿ ಅಂತಲೇ ಇದೆ. ಸೋಮವಾರ ನಾಡಕಚೇರಿಗೆ ಹೋಗುತ್ತೇನೆ. ಅತ್ತೆಯಂದಿರಿಗೂ ಫೋನ್ ಮಾಡಿ ಬರಲು ಹೇಳಿದ್ದೇನೆ.